ಮೊದಲ ಅಕ್ಷರ ಎತ್ತಿಕೊಡುವವಳು

ನಮ್ಮಕ್ಕನ ಎದುರು ಯಾರೂ ಒಂದು ಮಾತನ್ನು ನೆಟ್ಟಗೆ ಮುಗಿಸುವಂತಿರಲಿಲ್ಲ. ನಾವು ತುಸು ತಡವರಿಸಿದರೆ ಸಾಕು, ಮುಂದಿನ ಪದದ ಮೊದಲ ಅಕ್ಷರವನ್ನು ಅವಳೇ ಎತ್ತಿಕೊಡುತ್ತಿದ್ದಳು. "ನೀರು ಕಾಯಿಸೋಕೆ ಆ ದೊಡ್ಡ..." ಎಂದು ನಾನು ನಿಂತರೆ "ಪಾ... ಪಾ..." ಎನ್ನುವಳು.

"ಅಯ್ಯೋ ತಾಯಿ, ನನ್ನ ಬಾಯಲ್ಲಿರೋದನ್ನ ನಾನೇ ಹೇಳ್ತೀನಿ, ಬಿಡಕ್ಕ!" ಎಂದು ರೇಗುತ್ತಿದ್ದೆ.

ಪ್ರಾಥಮಿಕ ಶಾಲೆಯಲ್ಲಿ ಅವಳದು ಓದಿನ ಕೋಚ್ ಕೆಲಸ. ಹಿಂದಿನ ಸಾಲಿನಲ್ಲಿ ಕೂತು ಟೀಚರುಗಳ ಪಾಠ ನೋಡಬೇಕು, ಓದಲು ಬಾರದ ಮಕ್ಕಳಿಗೆ ಜೊತೆಯಾಗಬೇಕು, ಆಮೇಲೆ ಎಲ್ಲಿ ಎಡವಟ್ಟಾಯಿತೆಂದು ಟೀಚರಿಗೆ ನಯವಾಗಿ ಹೇಳಬೇಕು. ಎಷ್ಟು ನಯವಾಗಿ ಹೇಳಿದರೂ ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಬೆನ್ನಿಗೆ ನಿಂತವರು ಹೆಡ್‌ಮೇಡಂ ಒಬ್ಬರೇ.

ಮೂರನೇ ತರಗತಿಯಲ್ಲಿ ಗುಬ್ಬಿ ಎಂದು ಎಲ್ಲರೂ ಕರೆಯುವ ಹುಡುಗಿಯೊಬ್ಬಳಿದ್ದಳು. ಒಮ್ಮೆ ಫೇಲಾಗಿ ಅದೇ ತರಗತಿಯಲ್ಲಿ ಉಳಿದವಳು. ಈ ಸಲವೂ ಓದು ಬರದಿದ್ದರೆ ಶಾಲೆ ಬಿಡಿಸಿ, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಕೂರಿಸುತ್ತೇನೆಂದು ಅವಳಪ್ಪ ಕಡ್ಡಿ ಮುರಿದಂತೆ ಹೇಳಿಹೋಗಿದ್ದ. ಅಪ್ಪನಂತೆ ಅಪ್ಪ! ಅಕ್ಕ ಗುಬ್ಬಿಯನ್ನು ಮನಸ್ಸಿಗೆ ಹಚ್ಚಿಕೊಂಡಳು. ದಿನಾ ಅವಳ ಪಕ್ಕ, ಮೊಣಕಾಲು ಗದ್ದಕ್ಕೆ ತಾಗುವ ಪುಟ್ಟ ಕುರ್ಚಿಯಲ್ಲಿ ಮುದುಡಿ ಕೂತಳು.

ಗುಬ್ಬಿ ಓದತೊಡಗಿದಳು. ಮೊದಲು ತಡೆದು ತಡೆದು, ಆಮೇಲೆ ಸಲೀಸಾಗಿ. ಎಂದೂ ಒಳ್ಳೆಯ ಮಾತಾಡದ ಟೀಚರು ಕೂಡ "ಪರವಾಗಿಲ್ವೇ!" ಅಂದರು. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪರೀಕ್ಷೆಗೆ ಮೊದಲು ಹೆಡ್‌ಮೇಡಂ ಒಂದೊಂದೇ ಮಗುವನ್ನು ತಮ್ಮ ಕೋಣೆಗೆ ಕರೆದು ಓದಿಸಿದರು. ಗುಬ್ಬಿ ಒಳಗೆ ಹೋದಾಗ ಅಕ್ಕ ಹೊರಗಿನ ಬೆಂಚಿನಲ್ಲಿ ಕಿವಿಗೊಟ್ಟು ಕೂತಿದ್ದಳಂತೆ. ಒಳಗಿನಿಂದ ಸದ್ದೇ ಇಲ್ಲ. ಕೊನೆಗೆ ಹೆಡ್‌ಮೇಡಂ ಅವಳನ್ನೂ ಕರೆದರು.

ಅಕ್ಕನನ್ನು ಕಂಡದ್ದೇ ಗುಬ್ಬಿಯ ಮುಖ ಅರಳಿತು. "ಟೀಚರ್ ಬಂದ್ರಲ್ಲ, ಈಗ ಓದ್ತೀನಿ."

"ಓದು ಪುಟ್ಟಿ."

ಗುಬ್ಬಿಯ ಬೆರಳು ಮೊದಲ ಪದದ ಮೇಲಿತ್ತು. ಕಣ್ಣು ಮಾತ್ರ ಅಕ್ಕನ ತುಟಿಯ ಮೇಲೆ. ಅಕ್ಕ ತುಟಿ ಬಿಗಿಹಿಡಿದಳು.

"ಶುರು ಮಾಡಿ ಟೀಚರ್," ಅಂದಳು ಗುಬ್ಬಿ.

ಆಗ ಅಕ್ಕನಿಗೆ ಹೊಳೆಯಿತು. ಇಷ್ಟು ದಿನ ಪ್ರತಿ ಪದದ ಮೊದಲ ಅಕ್ಷರವನ್ನೂ ತಾನೇ ಪಿಸುಗುಟ್ಟಿದ್ದಳು. ಮಿಕ್ಕದ್ದನ್ನು ಮಗು ಪಾಠ ಕೇಳಿದ ನೆನಪಿನಲ್ಲಿ ಒಪ್ಪಿಸಿತ್ತು. ತಾನು ಪಿಸುಗುಟ್ಟುತ್ತಿದ್ದುದು ಅವಳಿಗೇ ಗೊತ್ತಿರಲಿಲ್ಲ.

ಹೆಡ್‌ಮೇಡಂ ಬೈಯಲಿಲ್ಲ. "ನಾನೂ ದಿನಾ ಕಿಟಕಿಯಿಂದ ನೋಡ್ತಿದ್ದೆ. ಓದ್ತಿದ್ದಾಳೆ ಅಂತಲೇ ಅಂದ್ಕೊಂಡೆ. ಈಗ ಇನ್ನೆಲ್ಲಿದೆ ಟೈಮು?" ಎಂದರಂತೆ.

ಪರೀಕ್ಷೆಯಲ್ಲಿ ಗುಬ್ಬಿ ಮತ್ತೆ ಫೇಲಾದ ಮೇಲೆ ಅವಳಪ್ಪ ಬಂದು ಅವಳನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋದ. ಅಕ್ಕ ಗೇಟಿನವರೆಗೂ ಹಿಂದೆ ಹೋಗಿ ಕೈಮುಗಿದು ಕೇಳಿಕೊಂಡಳು. "ಎರಡು ಸಲ ನೋಡಿದ್ದಾಯ್ತಲ್ಲ ಮೇಡಂ," ಎಂದನಂತೆ.

ಅಂದಿನಿಂದ ಮನೆಯಲ್ಲಿ ಎಲ್ಲರೂ ನಮ್ಮ ನಮ್ಮ ಮಾತನ್ನು ನಾವೇ ಮುಗಿಸುತ್ತಿದ್ದೇವೆ. ಹಾಳಾದ್ದು, ಅಕ್ಕ ಹಾಗೆ ಸುಮ್ಮನಿರುವುದನ್ನು ನನ್ನಿಂದ ತಡೆಯಲಾಗಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಬೇಕೆಂದೇ, "ಅಕ್ಕ, ಆ ಚಿಕ್ಕ..." ಎಂದು ನಿಲ್ಲಿಸಿದೆ.

ಅಕ್ಕ ತಲೆಯೆತ್ತಿ ನನ್ನನ್ನೇ ನೋಡಿದಳು. ತುಟಿ ಬಿಗಿಯಾಗಿತ್ತು. ನಾನು ಕಾದೆ, ಅವಳೂ ಕಾದಳು. ಆಮೇಲೆ ನಾನೇ ಎದ್ದು ಚಮಚ ತಂದುಕೊಂಡೆ.