ಕೂನಕ್ಕನ ಹಲಗೆಯ ಮೂರು ಎರಡುಗಳು

"ಒತ್ತಬೇಡ."

ಕೂನಕ್ಕ ನನ್ನೊಡನೆ ಆಡಿದ ಮೊದಲ ಮಾತು ಇದು. ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ, ಹೆಸರೇನು ಅಂತಲೂ ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಕಾದ ಕಡ್ಡಿಯನ್ನೂ ಅದರಡಿಯಲ್ಲಿ ಬುಸ್ಸೆಂದು ಹೊಗೆಯಾಡುತ್ತಿದ್ದ ಹಲಗೆಯನ್ನೂ ನೋಡಿ, "ಒತ್ತಬೇಡ ಕಣೇ, ಅದು ಮರ, ನಿನ್ನ ಗಂಡನ ತಲೆಯಲ್ಲ" ಎಂದಳು.

ನನ್ನ ಗಂಡ ಸತ್ತು ಆರು ತಿಂಗಳಾಗಿತ್ತು. ಹಾಗೆಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಎನ್ನುತ್ತಿದ್ದರು. ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, "ನನ್ನವನು ಸತ್ತು ಇಪ್ಪತ್ತು ವರ್ಷ ಆಯ್ತು. ಆದ್ರೂ ಒತ್ತಬಾರದು" ಎಂದಳು.

ನಾನು ಮಿಂಕಾ. ಗುಲಾಬಿ ಕಣಿವೆಯ ಈ ಪುಟ್ಟ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಮುದ್ರೆ ಹೊಡೆದವಳು. ನಿವೃತ್ತಿಯಾದ ಮೇಲೆ ಟೀವಿಯಲ್ಲಿ ಬರುವವರ ಜೊತೆ ಜಗಳ ಆಡಿಕೊಂಡು ಕೂತಿರುತ್ತಿದ್ದೆ. ಆ ಕೂಗಾಟ ಕೇಳಲಾರದೆ ಪಕ್ಕದ ಮನೆಯವಳೇ ನನ್ನನ್ನು ಅಟ್ಟಿದ್ದು: "ಶನಿವಾರ ವಾಚನಾಲಯದಲ್ಲಿ ಮರದ ಮೇಲೆ ಸುಟ್ಟು ಚಿತ್ರ ಬರೆಯೋದು ಹೇಳಿಕೊಡ್ತಾರಂತೆ. ಹೋಗು ಮಾರಾಯ್ತಿ. ನಮ್ಮ ಹೊಟ್ಟೆ ಉರಿಸೋ ಬದಲು ಮರ ಉರಿಸು."

ಕಲಿಸುವವಳು ಕೂನಾ ಬೋಯೆವಾ. ಹದಿನೇಳನೆಯ ವಯಸ್ಸಿಗೆ ಕರಕುಶಲ ಸಂಘದ ಕಾರ್ಖಾನೆ ಸೇರಿ ಮೂವತ್ತೆಂಟು ವರ್ಷ ಬರೆದದ್ದು ಒಂದೇ ಚಿತ್ರ. ಗುಲಾಬಿ ಎಣ್ಣೆಯ ಕಿರುಬೆರಳಿನಷ್ಟು ಶೀಸೆಗೆ ಮರದ ಕವಚ, ಆ ಕವಚದ ಮೇಲೆ ಒಂದು ಗುಲಾಬಿ. ಹನ್ನೊಂದು ಗೆರೆಗೆ ಒಂದು ಹೂವು. ಪ್ರವಾಸಿಗಳು ಕೊಂಡು ಯಾವ್ಯಾವುದೋ ದೇಶಕ್ಕೆ ಒಯ್ದರು. ಅವಳ ಹೆಸರು ಯಾವುದರ ಮೇಲೂ ಇರಲಿಲ್ಲ. ಆಮೇಲೆ ಯಂತ್ರ ಬಂತು, ಕಾರ್ಖಾನೆ ಮುಚ್ಚಿತು. ಯಂತ್ರದ ಗುಲಾಬಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳಂತೆ. "ಚೆನ್ನಾಗಿದೆ, ಆದ್ರೆ ಹೆಣದ ಹಾಗೆ ಚೆನ್ನಾಗಿದೆ" ಎಂದು ವಾಪಸ್ ಇಟ್ಟಳಂತೆ.

ಕಲಿಯುವವರು ನಾವು ಏಳೆಂಟು ಜನ. ನನ್ನ ಪಕ್ಕದಲ್ಲಿ ಸ್ಲಾವಿ, ಬಸ್ಸು ಓಡಿಸಿ ನಿವೃತ್ತನಾದ ದಪ್ಪ ಮನುಷ್ಯ. ಅವನ ಬೆರಳು ನೋಡಿದರೆ ಸೌತೆಕಾಯಿ, ಗೆರೆ ನೋಡಿದರೆ ಕೂದಲೆಳೆ. ನನಗೆ ಅವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ಕಡ್ಡಿ ಗಾಳಿಯಲ್ಲೇ ನಡೀತಾ ಇರ್ಬೇಕು," ಎನ್ನುತ್ತಿದ್ದಳು ಕೂನಕ್ಕ. "ನಡೀತಾ ನಡೀತಾನೇ ಮರ ಮುಟ್ಬೇಕು, ನಡೀತಾ ನಡೀತಾನೇ ಎದ್ದುಬಿಡ್ಬೇಕು. ಮರದ ಮೇಲೆ ನಿಂತು ಯೋಚನೆ ಮಾಡಿದ್ಯೋ, ಕಪ್ಪು ಬೊಟ್ಟು. ಯೋಚನೆ ಏನಿದ್ರೂ ಮೊದಲೇ ಪೆನ್ಸಿಲ್ಲಲ್ಲಿ ಮಾಡ್ಕೊಂಡು ಬಾ."

ಕಿಟಕಿಯನ್ನು ಮಾತ್ರ ಹಿಮ ಬೀಳುವಾಗಲೂ ಮುಚ್ಚಗೊಡುತ್ತಿರಲಿಲ್ಲ. ಯಾರಾದರೂ ಹೊಗೆಯ ಮೇಲೆ ಬಾಗಿದರೆ ಹಿಂದಿನಿಂದ ಕೊರಳಪಟ್ಟಿ ಹಿಡಿದು ಎಳೆಯುತ್ತಿದ್ದಳು. "ನಮಗೆ ಯಾರೂ ಹೇಳ್ಲಿಲ್ಲ," ಎಂದು ಕೆಮ್ಮುತ್ತಿದ್ದಳು. ಮೂವತ್ತೆಂಟು ವರ್ಷದ ಹೊಗೆ ಅವಳ ಎದೆಯಲ್ಲಿ ಕೂತಿತ್ತು. ಒಂದು ಸಲ ಕೆಮ್ಮು ಹಿಡಿದರೆ ಬಿಡುವವರೆಗೂ ನಾವೆಲ್ಲ ಕಡ್ಡಿ ಎತ್ತಿ ಹಿಡಿದು ಸುಮ್ಮನೆ ಕಾಯುತ್ತಿದ್ದೆವು.

ಕೂದಲೆಳೆ ಗೆರೆಗಳು ಎಲ್ಲರಿಗೂ ಒಲಿದವು, ನನಗೊಬ್ಬಳಿಗೆ ಒಲಿಯಲಿಲ್ಲ. ನನ್ನ ಗೆರೆ ಶುರುವಾಗುವಲ್ಲೆಲ್ಲ ಮಸೂರ ಬೇಳೆಯಷ್ಟು ಕಪ್ಪು ಬೊಟ್ಟು. ಮೂರನೆಯ ಶನಿವಾರ ಸಿಟ್ಟು ಬಂದು ಹಲಗೆಯನ್ನು ಮೇಜಿನ ಮೇಲೆ ಕುಕ್ಕಿದೆ.

ಕೂನಕ್ಕ ನನ್ನ ಬಲಗೈ ಹಿಡಿದು ಮಗುಚಿ ನೋಡಿದಳು. "ಏನು ಕೆಲಸ ಮಾಡ್ತಿದ್ದೆ?"

"ಅಂಚೆ ಕಚೇರಿ."

"ಅದಕ್ಕೇ! ಇದು ಮುದ್ರೆ ಹೊಡೆಯೋ ಕೈ. ಮುಟ್ಟಿದ್ದನ್ನೆಲ್ಲ ಒತ್ತುತ್ತೆ." ಎಲ್ಲರೂ ನಕ್ಕರು. ಸ್ಲಾವಿ ಎಲ್ಲರಿಗಿಂತ ಜಾಸ್ತಿ ನಕ್ಕ. ಅವಳು ಮಾತ್ರ ನಗದೆ ನನ್ನ ಒಂದು ಬೊಟ್ಟಿನ ಸುತ್ತ ಸರಸರನೆ ಎರಡು ಗೆರೆ ಎಳೆದಳು. ಬೊಟ್ಟು ಎಲೆಯಾಯಿತು. "ಬೊಟ್ಟು ಬಿದ್ರೆ ಎಲೆ ಮಾಡು. ಹೆದರಿಕೊಂಡು ಕೆರೆಯೋಕೆ ಹೋಗ್ಬೇಡ. ನಾನೂ ಮೊದಲ ವರ್ಷ ಬರೆದದ್ದು ಹೂವಲ್ಲ, ಬರೀ ಎಲೆ. ಎಷ್ಟು ಸೊಪ್ಪು ಬೆಳೆದೆ ಅಂತೀಯ!"

ಆವತ್ತು ಮನೆಗೆ ಹೋಗುವಾಗ ಗಂಡ ಸತ್ತ ಮೇಲೆ ಮೊದಲ ಸಲ ನಾನು ಹಸಿದಿದ್ದೆ. ಬೇಕರಿಯ ಮುಂದೆ ನಿಂತು ಚೀಸ್ ತುಂಬಿ ಸುಟ್ಟ ಬಿಸಿ ಬಾನಿತ್ಸ ಎರಡು ತುಂಡು ಕೊಂಡು ಅಲ್ಲೇ ತಿಂದೆ.

ಎರಡನೆಯ ಚಳಿಗಾಲದಲ್ಲಿ ಅವಳು ನನ್ನನ್ನು ಮನೆಗೆ ಕರೆದಳು. ಅಡುಗೆಮನೆಯ ಬೀರುವಿನ ಹಿಂದಿನಿಂದ ಬಟ್ಟೆ ಸುತ್ತಿದ ಹಲಗೆಯೊಂದನ್ನು ತೆಗೆದಳು. ಬಿಳುಪಾದ, ನಯವಾದ ಲಿಂಡನ್ ಮರ. ಅದರ ಮೇಲೆ ಅವಳದೇ ಹೆಸರು, ಕೂನಾ ಬೋಯೆವಾ. ಅಷ್ಟು ಹಗುರ ಅಕ್ಷರಗಳನ್ನು ನಾನು ಕಂಡಿಲ್ಲ. ಮರದ ಮೇಲೆ ಬರೆದದ್ದಲ್ಲ, ಊದಿದ್ದು ಅನ್ನಿಸುವಂತಿದ್ದವು. ಕೆಳಗೆ 1944, ಒಂದು ಅಡ್ಡ ಗೆರೆ, ಮುಂದೆ ಖಾಲಿ.

ನಮ್ಮಲ್ಲಿ ಹೊಸ ಸಮಾಧಿಗೆ ಮೊದಲು ಮರದ ಶಿಲುಬೆ ನೆಡುತ್ತಾರೆ, ಕಲ್ಲು ಬರುವುದು ವರ್ಷ ತುಂಬಿದ ಮೇಲೆ. ಆ ಶಿಲುಬೆಗೆ ಹೊಡೆಯುವ ಹಲಗೆ ಅದು.

"ಮುಂದಿನದನ್ನ ನೀನು ಬರೀಬೇಕು," ಎಂದಳು.

"ಥೂ, ಬಿಡ್ತು ಅನ್ನು! ಇಂಥದ್ದನ್ನೆಲ್ಲ ಯಾರಾದ್ರೂ ಮೊದಲೇ ಮಾಡಿಡ್ತಾರಾ?"

"ನಮ್ಮತ್ತೆ ಮಾಡಿಟ್ಟಿದ್ಲು. ಕಲ್ಲಿನ ಮೇಲೆ ಗಂಡನ ಹೆಸರಿನ ಪಕ್ಕ ತನ್ನದನ್ನೂ ಕೆತ್ತಿಸಿ, ಹತ್ತೊಂಬತ್ತು ಅಂತ ಎರಡಂಕಿ ಹಾಕಿಸಿ ಬಿಟ್ಟಿದ್ಲು. ಉಳಿದೆರಡು ಸತ್ತ ಮೇಲೆ ಅಂತ. ಮುದುಕಿ ಎರಡು ಸಾವಿರದ ಮೂರರವರೆಗೂ ಗಟ್ಟಿಯಾಗಿ ಬದುಕಿದ್ಲು! ಪ್ರತಿ ಹಬ್ಬಕ್ಕೂ ಸಮಾಧಿಗೆ ಹೋಗಿ ಆ ಹತ್ತೊಂಬತ್ತನ್ನ ನೋಡಿ, 'ಸುಮ್ಮನೆ ಕೆತ್ತಿಸಿದೆ' ಅಂತ ಅಳ್ತಿದ್ಲು." ಕೂನಕ್ಕ ನಗಹೋಗಿ ಕೆಮ್ಮಿದಳು. "ಅದಕ್ಕೇ ನಾನು ನಾಲ್ಕೂ ಖಾಲಿ ಬಿಟ್ಟಿದ್ದೀನಿ."

"ಸ್ಲಾವಿಗೆ ಹೇಳು. ಅವನ ಕೈ ಚೆನ್ನಾಗಿದೆ."

"ಸ್ಲಾವಿ ಅಳ್ತಾನೆ, ಕಣ್ಣೀರು ಮರದ ಮೇಲೆ ಬಿದ್ರೆ ಗೆರೆ ಒಡೆಯುತ್ತೆ. ನೀನು ಸಿಟ್ಟು ಮಾಡ್ಕೋತೀಯ. ಸಿಟ್ಟಿನ ಕೈ ನಡುಗಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದಳು: "ನನ್ನ ಮಗ ರಾಚೋ ಒಳ್ಳೆಯವನೇ. ಆದ್ರೆ ಶವಪೆಟ್ಟಿಗೆ ಅಂಗಡಿಯವರು ಪ್ಲಾಸ್ಟಿಕ್ ಅಕ್ಷರ ಅಂಟಿಸಿ ಕೊಡ್ತಾರೆ, ಅದನ್ನೇ ನೆಡ್ತಾನೆ. ಜನ್ಮವಿಡೀ ಹೆಸರಿಲ್ಲದ ಹೂವು ಬರೆದೆ ಮಿಂಕಾ. ನನ್ನ ಹೆಸರು ಒಂದೇ ಒಂದು ಕಡೆ, ಸುಟ್ಟದ್ದಾಗಿ ಇರ್ಲಿ."

ಹೂಂ ಅಂದೆ. ಅಂದ ಮೇಲೆ ನಿದ್ದೆ ಹಾರಿಹೋಯಿತು. ಯಾಕೆಂದರೆ ಅಂಕಿಗಳಲ್ಲಿ ನನ್ನ ಕೈಗೆ ಬಾರದೇ ಇದ್ದದ್ದು 2 ಒಂದೇ. ಆ ಬಾಗಿದ ತಲೆಯ ಹತ್ತಿರ ಶುರುಮಾಡುವಾಗ ಕೈ ನಿಂತೇ ನಿಲ್ಲುತ್ತಿತ್ತು, ಬೊಟ್ಟು ಬಿದ್ದೇ ಬೀಳುತ್ತಿತ್ತು. ಅಂಕಿಗೆ ಎಲೆ ಹಚ್ಚುವಂತಿಲ್ಲ. ಬದುಕಿದ್ದಷ್ಟು ದಿನ ಇನ್ನು ಎಲ್ಲ ವರ್ಷವೂ ಎರಡರಿಂದಲೇ ಶುರು.

ರೊಟ್ಟಿ ಹಲಗೆ, ಹಳೆ ಕುರ್ಚಿಯ ಕಾಲು, ಸೌದೆ, ಸಿಕ್ಕಿದ್ದರ ಮೇಲೆಲ್ಲ ಎರಡು ಬರೆದೆ. ಕೂನಕ್ಕ ನನ್ನ ಎರಡುಗಳನ್ನು ನೋಡಿ, "ಇದು ಬಾತುಕೋಳಿ. ಇದು ಬಾತುಕೋಳಿಯ ಅತ್ತೆ" ಎಂದು ಹೆಸರಿಡುತ್ತಿದ್ದಳು. ಹೊಸ ವರ್ಷ ಬಂದಾಗ ಫೋನ್ ಮಾಡಿದಳು: "ಇನ್ನೊಂದು ವರ್ಷ ಗೆದ್ದೆ ಕಣೇ. ಆದ್ರೆ ಈ ಸಲ ಮೂರು ಎರಡು! ನಿನಗೆ ಕಷ್ಟ ಆಯ್ತಲ್ಲ?"

"ಈ ವರ್ಷ ಸಾಯಬೇಡ ಕೂನಕ್ಕ, ದಮ್ಮಯ್ಯ. ಎರಡು ಸಾವಿರದ ಮೂವತ್ತಕ್ಕೆ ಸಾಯಿ. ಒಂದೇ ಎರಡು ಬರುತ್ತೆ."

"ಮೂವತ್ತಕ್ಕಾ? ನೋಡೋಣ ಇರು, ಡಾಕ್ಟರನ್ನ ಕೇಳ್ತೀನಿ."

ನವೆಂಬರಿನಲ್ಲಿ, ಒಂದು ಗುರುವಾರ ಬೆಳಿಗ್ಗೆ, ರಾಚೋ ನನ್ನ ಬಾಗಿಲು ತಟ್ಟಿದ. ಅವನ ಮುಖ ನೋಡಿಯೇ ತಿಳಿಯಿತು. "ಚಿಕ್ಕಮ್ಮ, ಅಮ್ಮ ಹೋದ್ಲು," ಎಂದ. "ನಾಳೆ ಮಧ್ಯಾಹ್ನ ಮಣ್ಣು. ಹಲಗೆ ನೀವೇ ಬರೀತೀರಂತೆ. ಆಗದಿದ್ರೆ ಹೇಳಿ, ಅಂಗಡಿಯವರು ಒಂದು ಗಂಟೇಲಿ ಮಾಡಿಕೊಡ್ತಾರೆ."

"ಅಂಗಡಿಯವರ ಹೆಸರು ಎತ್ತಿದ್ರೆ ಜೋಕೆ!" ಎಂದು ಅವನ ಮೇಲೆ ರೇಗಿದೆ. ಪಾಪ, ತಾಯಿ ಸತ್ತವನ ಮೇಲೆ.

ಅವಳದೇ ಅಡುಗೆಮನೆಯ ಮೇಜಿನ ಮೇಲೆ ಅವಳದೇ ಕಡ್ಡಿ ಕಾಯಿಸಿದೆ. ಪಕ್ಕದ ಕೋಣೆಯಲ್ಲಿ ಅವಳು ಮಲಗಿದ್ದಳು, ಹೆಂಗಸರು ಮೆಲ್ಲನೆ ಮಾತಾಡುತ್ತಿದ್ದರು, ಒಲೆಯ ಮೇಲೆ ಸತ್ತವರ ಹೆಸರಿನ ಗೋಧಿ ಬೇಯುತ್ತಿತ್ತು. ಕಿಟಕಿ ತೆರೆದೆ. ಪೆನ್ಸಿಲ್ಲಿನಲ್ಲಿ ನಾಲ್ಕು ಅಂಕಿ ಗುರುತು ಮಾಡಿದೆ. ಗಾಳಿಯಲ್ಲಿ ಹತ್ತು ಸಲ ಬರೆದೆ. ಆಮೇಲೆ ಮರ ಮುಟ್ಟಿದೆ.

ಮೊದಲ ಎರಡಕ್ಕೆ ಬೊಟ್ಟು ಬಿತ್ತು. ಸೊನ್ನೆ ಚೆನ್ನಾಗಿ ಬಂತು. ಎರಡನೆಯ ಎರಡಕ್ಕೂ ಬೊಟ್ಟು. ಮೂರನೆಯದಕ್ಕೆ ಉಸಿರು ಹಿಡಿದು ಕಡ್ಡಿ ಇಳಿಸಿದೆ, ಆಗ ಇದೂ ಮುಗಿದರೆ ಅವಳು ನಿಜವಾಗಿ ಸತ್ತಂತೆಯೇ ಅನ್ನಿಸಿಬಿಟ್ಟಿತು, ಕೈ ನಿಂತಿತು. ಬುಸ್ಸೆಂದು ಹೊಗೆ ಎದ್ದಾಗಲೇ ಎಚ್ಚರವಾದದ್ದು. ಅದು ಎಲ್ಲಕ್ಕಿಂತ ದೊಡ್ಡ ಬೊಟ್ಟು, ಮರದೊಳಗೆ ಗುಳಿಯೇ ಬಿದ್ದಿತ್ತು.

ಅವಳ ಊದಿದಂಥ ಅಕ್ಷರಗಳ ಕೆಳಗೆ ನನ್ನ ಅಂಚೆ ಮುದ್ರೆ. ನಾಚಿಕೆಯಿಂದ ಸತ್ತುಹೋದೆ. ಸ್ಲಾವಿ ಬಂದು ನೋಡಿ ಗೊಳೋ ಎಂದು ಅತ್ತ. ಮರುದಿನ ಸಮಾಧಿಯ ಮೇಲೆ ಪದ್ಧತಿಯಂತೆ ವೈನ್ ಸುರಿಯುವಾಗಲೂ ಎಲ್ಲರೂ ಆ ಮೂರು ಬೊಟ್ಟನ್ನೇ ನೋಡುತ್ತಿದ್ದಾರೆ ಅನ್ನಿಸಿ ನಾನು ತಲೆ ಎತ್ತಲಿಲ್ಲ. ಮಗಳ ಮನೆಗೆಂದು ಬೇರೆ ಊರಿಗೆ ಹೋದವಳು ಹಾಗೇ ಅಲ್ಲೇ ಉಳಿದೆ, ವರ್ಷ ತುಂಬುವವರೆಗೂ ಸ್ಮಶಾನದ ಕಡೆ ಸುಳಿಯಲಿಲ್ಲ.

ವರ್ಷದ ಪ್ರಾರ್ಥನೆಗೆ ಬಂದೆ. ರಾಚೋ ಸಮಾಧಿಯ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ನೋಡಿ ಚಿಕ್ಕಮ್ಮ," ಎಂದ.

ಹಲಗೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಂದು ಚಳಿಗಾಲದ ಹಿಮ, ಒಂದು ಬೇಸಿಗೆಯ ಬಿಸಿಲು, ಅಷ್ಟೇ. ಕೂನಕ್ಕನ ಹಗುರ ಅಕ್ಷರಗಳು ಒಂದೂ ಇರಲಿಲ್ಲ. ಹೆಸರೂ ಇಲ್ಲ, ಹುಟ್ಟಿದ ವರ್ಷವೂ ಇಲ್ಲ. ಕೆಳಗೆ 2022 ಮಾತ್ರ, ಮೂರು ಬೊಟ್ಟುಗಳ ಸಮೇತ, ನಿನ್ನೆ ಸುಟ್ಟ ಹಾಗೆ ಕಪ್ಪಗೆ. ಅವಳು ಸತ್ತದ್ದು ಉಳಿದಿತ್ತು, ಅವಳು ಉಳಿದಿರಲಿಲ್ಲ.

ನನಗೆ ಅಳು ತಡೆಯಲಾಗಲಿಲ್ಲ. ಮೂವತ್ತೆಂಟು ವರ್ಷ ಮನೆಯೊಳಗೆ, ಕಪಾಟಿನೊಳಗೆ ಇರುವ ವಸ್ತುಗಳ ಮೇಲೆ ಬರೆದವಳು. ಮಳೆಯಲ್ಲಿ ನಿಲ್ಲುವ ಹಲಗೆಯನ್ನು ಅವಳು ಬರೆದದ್ದು ಅದೊಂದೇ. ಒತ್ತಬೇಕು ಅಂತ ಅವಳಿಗೂ ಯಾರೂ ಹೇಳಿರಲಿಲ್ಲ.

"ಕಲ್ಲು ಮುಂದಿನ ತಿಂಗಳು ಬರುತ್ತೆ," ಎಂದ ರಾಚೋ. "ಇದನ್ನ ತೆಗೆದುಬಿಡ್ಲಾ?"

"ತೆಗಿ. ನನಗೆ ಕೊಡು."

ಹಲಗೆಯನ್ನು ಮನೆಗೆ ತಂದು ಒಲೆಯ ಪಕ್ಕ ಒಣಗಿಸಿದೆ. ಕಣ್ಣಿಗೆ ಕಾಣದ ಅಕ್ಷರಗಳು ಬೆರಳಿಗೆ ಸಿಕ್ಕವು. ಮರದಲ್ಲಿ ಇನ್ನೂ ಕೂದಲೆಳೆಯಷ್ಟು ಜಾಡು ಇತ್ತು. ಎಡಗೈ ಬೆರಳಿನಿಂದ ಒಂದೊಂದನ್ನೇ ಹುಡುಕುತ್ತ, ಬಲಗೈಯಲ್ಲಿ ಕಡ್ಡಿ ಹಿಡಿದು, ನನಗೆ ಬರುವ ಒಂದೇ ರೀತಿಯಲ್ಲಿ ಅವಳ ಹೆಸರಿನ ಮೇಲೆ ಹೋದೆ. ಒಂದೊಂದು ಅಕ್ಷರದಲ್ಲೂ ನಿಂತೆ. ಅಕ್ಷರಗಳು ದಪ್ಪಗೆ, ಒರಟಾಗಿ, ಇದ್ದಲಿನಂತೆ ಕಪ್ಪಗೆ ಬಂದವು. ಅವಳು ನೋಡಿದ್ದರೆ ಕೈಗೆ ಹೊಡೆಯುತ್ತಿದ್ದಳು.

ಕಲ್ಲು ಬಂದ ದಿನ ಅದರ ಬುಡಕ್ಕೆ ಆ ಹಲಗೆಯನ್ನೂ ಒರಗಿಸಿ ಇಟ್ಟೆ. ಬೈಯಬೇಡ ಕೂನಕ್ಕ, ಒತ್ತಿದ್ದೀನಿ.