ದೇಸಾಯಿ ಅಂಕಲ್ ಮತ್ತು ಅವರ ಲಾರ್ಡ್ ಸಾಹೇಬ

ಉಪ್ಪಿಟ್ಟಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿದರೂ ದೇಸಾಯಿ ಅಂಕಲ್ ಸ್ಕಾಟ್ಲೆಂಡನ್ನು ಹಾದು ಬಂದೇ ಉತ್ತರ ಕೊಡುತ್ತಿದ್ದರು. "ಲಾರ್ಡ್ ಸಾಹೇಬ ಅಡವ್ಯಾಗ ಅಡಗಿದ್ದಾಗ ಉಪ್ಪಿಲ್ಲದ ಗಂಜಿ ಕುಡದಾನ ತಂಗಿ. ಅದರ ಮುಂದ ಇದು ಅಮೃತ." ಉಪ್ಪಿಟ್ಟು ಮಾಡಿದ ಆಂಟಿಗೆ ಇದು ಹೊಗಳಿಕೆಯಾಗಿ ಕೇಳಿಸುತ್ತಿರಲಿಲ್ಲ.

2020ರಲ್ಲಿ ಡಾಲರ್ ನಾಡಿನ ರಾಕ್‌ವಿಲ್‌ನ ಔಷಧ ಕಂಪನಿಯೊಂದರಲ್ಲಿ ಸಂಖ್ಯಾಶಾಸ್ತ್ರದ ಕೆಲಸಕ್ಕೆ ಸೇರಿದ ನಾನು ಅವರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಅಂಕಲ್ ವಿಜಯಪುರದ ಕಡೆಯವರು. ಸೇತುವೆಗಳ ಎಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ಆ ವರ್ಷ ಎಲ್ಲರ ಮನೆಗೂ ಏನಾದರೊಂದು ಹುಚ್ಚು ಹತ್ತಿಕೊಂಡಿತ್ತು. ಕೆಲವರು ಬ್ರೆಡ್ ಮಾಡಲು ಹೋಗಿ ಸುಟ್ಟರು, ಕೆಲವರು ಯೋಗ ಕಲಿತು ಸೊಂಟ ಉಳುಕಿಸಿಕೊಂಡರು. ನಮ್ಮ ಮನೆಗೆ ಒಬ್ಬ ಲಾರ್ಡ್ ಬಂದ. ಪಕ್ಕದ ಮನೆಯವರು ರಸ್ತೆ ಬದಿಗಿಟ್ಟಿದ್ದ ಹಳೆಯ ಪುಸ್ತಕಗಳ ಡಬ್ಬದಲ್ಲಿ ರಟ್ಟು ಕಿತ್ತುಹೋದ ಜೀವನಚರಿತ್ರೆಯೊಂದು ಅಂಕಲ್‌ಗೆ ಸಿಕ್ಕಿತು. ಅದನ್ನು ಗ್ಯಾರೇಜಿನಲ್ಲಿ ಕ್ವಾರಂಟೀನ್ ಮಾಡಿ, ಸ್ಯಾನಿಟೈಸರ್ ಹಾಕಿ ಒರೆಸಿ ಒಳಗೆ ತಂದರು. ವೈರಸ್ ಇರಲಿಲ್ಲ. ಲಾರ್ಡ್ ಇದ್ದ.

ಶತಮಾನಗಳ ಹಿಂದಿನ ಆ ಸ್ಕಾಟ್ಲೆಂಡಿನ ಮನುಷ್ಯನಿಗೆ ಕೋಟೆಯಂಥ ಮನೆ, ಕುರಿಮಂದೆ, ಲಂಡನ್ನಿನ ರಾಜನ ಕೃಪೆ ಎಲ್ಲವೂ ಇದ್ದವು. ವಯಸ್ಸಾಗಿತ್ತು, ಕಾಲು ಬಾತಿತ್ತು. ಆಗ ಸಮುದ್ರದಾಚೆಯಿಂದ ಒಬ್ಬ ರಾಜಕುಮಾರ ತನ್ನ ಅಪ್ಪನ ಸಿಂಹಾಸನ ವಾಪಸು ಬೇಕೆಂದು ಬೆರಳೆಣಿಕೆಯ ಜನರೊಡನೆ ಬಂದಿಳಿದ. ಬುದ್ಧಿವಂತರೆಲ್ಲ ತಕ್ಷಣ ಕಾಯಿಲೆ ಬಿದ್ದರು. ಲಾರ್ಡ್ ಸಾಹೇಬನೂ ಮೊದಲು ಬಿದ್ದ. ಆಮೇಲೆ ಎದ್ದು ಹೋಗಿ ದಂಗೆಗೆ ಸೇರಿದ. ಒಂಬತ್ತು ತಿಂಗಳಲ್ಲಿ ಎಲ್ಲ ಮುಗಿಯಿತು. ಕೊನೆಯ ಯುದ್ಧ ಒಂದು ತಾಸೂ ನಡೆಯಲಿಲ್ಲವಂತೆ. ಸಾಹೇಬ ಮೊದಲು ಅಡವಿಯಲ್ಲಿ ಅಡಗಿ, ಆಮೇಲೆ ತನ್ನದೇ ಜಮೀನಿನ ದೊಡ್ಡಿಯಲ್ಲಿ ಕುರುಬನ ಭಾವಮೈದುನನ ವೇಷ ಹಾಕಿ ತಲೆ ಉಳಿಸಿಕೊಂಡ, ಫ್ರಾನ್ಸಿಗೆ ಓಡಿದ, ಬಾಡಿಗೆ ಕೋಣೆಯೊಂದರಲ್ಲಿ ಸತ್ತ.

"ಯಾಕೆ ಸೇರಿದ ಅಂಕಲ್?" ಎಂದು ಒಮ್ಮೆ ಕೇಳಿದ್ದೆ.

"ಆ ಹುಡುಗ ಮನಿ ಬಾಗಲಿಗೆ ಬಂದು ಕೇಳಿದ್ನಲ್ಲ! ಮಂದಿ ಕೈಲೆ ಹೇಳಿ ಕಳಿಸಿದ್ರ ಇಲ್ಲ ಅನ್ನಬಹುದು. ಬಾಗಲಿಗೆ ಬಂದ್ರ ಹೆಂಗ ಅಂತಿ?"

ರಾಜ್ಯಕ್ರಾಂತಿಗಿಂತ ಇದು ಗಣಪತಿ ಚಂದಾ ವಸೂಲಿಯಂತೆ ನನಗೆ ಕಂಡಿತು.

ಆ ಕಾಲದ ಜಾಣ ಜಮೀನುದಾರರಲ್ಲಿ ಒಂದು ಪದ್ಧತಿಯಿತ್ತು. ಒಬ್ಬ ಮಗನನ್ನು ರಾಜನ ಕಡೆಗೆ, ಇನ್ನೊಬ್ಬನನ್ನು ದಂಗೆಯ ಕಡೆಗೆ ಕಳಿಸುವುದು. ಯಾರು ಗೆದ್ದರೂ ಆಸ್ತಿ ಮನೆಯಲ್ಲೇ. ಇದನ್ನು ಹೇಳುವಾಗ ಅಂಕಲ್ ಮುಖ ಹಾಗಲಕಾಯಿ ಕಚ್ಚಿದಂತಾಗುತ್ತಿತ್ತು. "ನಮ್ಮ ಸಾಹೇಬ ಹಂಗ ಮಾಡ್ಲಿಲ್ಲ. ಹೋದ್ರ ಇಡೀ ಮನಿ ಹೋಗಬೇಕು."

"ಹೋತಲ್ಲ ಮತ್ತ, ಇಡೀ ಮನಿ," ಎನ್ನುತ್ತಿದ್ದರು ಆಂಟಿ, ಕೊತ್ತಂಬರಿ ಸೋಸುತ್ತ.

ಇಂಥ ಅಂಕಲ್‌ಗೆ ಸ್ವಂತದ್ದೊಂದು ಸಿಂಹಾಸನವೂ ಇತ್ತು. ನಮ್ಮ ಕಡೆಯ ಕನ್ನಡ ಸಂಘದಲ್ಲಿ ಅವರು ಹಿರಿಯ ಸಲಹೆಗಾರರು. ಸಲಹೆಯನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ರಾಜ್ಯೋತ್ಸವದ ದಿನ ವೇದಿಕೆಯ ಮೇಲೊಂದು ಕುರ್ಚಿ, ಶಾಲು, ಪೇಟ. ಅದಕ್ಕಾಗಿ ಧೋತ್ರದ ಇಸ್ತ್ರಿ ಬಹಳ ಮೊದಲೇ ಶುರುವಾಗುತ್ತಿತ್ತು. ನಗು ಬರುತ್ತಿತ್ತು, ನಿಜ. ಆದರೆ ಈ ದೇಶದಲ್ಲಿ ಅವರನ್ನು ಹೆಸರು ಹಿಡಿದು ಮೇಲೆ ಕರೆಯುವ ಜಾಗ ಅದೊಂದೇ ಎಂಬುದೂ ಕಾಣುತ್ತಿತ್ತು.

ಸಂಘದ ಅಧ್ಯಕ್ಷರು ಎಷ್ಟು ಕಾಲದಿಂದ ಅಧ್ಯಕ್ಷರಾಗಿದ್ದರೆಂದರೆ, ಅವರ ಹೆಂಡತಿಯೂ ಅವರನ್ನು ಅಧ್ಯಕ್ಷರೆಂದೇ ಕರೆಯುತ್ತಿದ್ದರು. 2022ರಲ್ಲಿ ಅವರು ಮಕ್ಕಳ ಭಾನುವಾರದ ಕನ್ನಡ ತರಗತಿಯನ್ನು ನಿಲ್ಲಿಸಿ, ಉಳಿದ ದುಡ್ಡಿನಲ್ಲಿ ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಒಬ್ಬ ಧಾರಾವಾಹಿ ನಟನನ್ನು ಕರೆಸುವುದೆಂದು ತೀರ್ಮಾನಿಸಿದರು. ಆ ತರಗತಿ ನಡೆಸುತ್ತಿದ್ದ ವಸುಧಾ, ನನ್ನ ವಯಸ್ಸಿನ ಮೈಸೂರಿನ ಹುಡುಗಿ, ಅವರ ವಿರುದ್ಧ ಚುನಾವಣೆಗೆ ನಿಂತಳು. ಒಂದು ಸಂಜೆ ಅಂಕಲ್ ಮನೆಗೇ ಬಂದಳು.

"ಅಂಕಲ್, ನೀವೊಬ್ರು ಓಪನ್ ಆಗಿ ಸಪೋರ್ಟ್ ಮಾಡಿ ಸಾಕು, ಕ್ಲಾಸ್ ಉಳ್ಕೊಳ್ಳುತ್ತೆ."

ಅಂಕಲ್ ನಿಧಾನವಾಗಿ ಮೊಣಕಾಲು ಸವರಿಕೊಂಡರು. "ಮೀಟಿಂಗಿಗೆ ಬರೂದ ಕಷ್ಟ ಐತಿ ನೋಡವಾ. ಮೊಣಕಾಲು ಭಾಳ ನೋಯಾಕತ್ತಾವ."

ಅವಳು ಟೀ ಮುಗಿಸಿ ಹೋದಳು. ಆ ವಾರವಿಡೀ ಅಂಕಲ್ ಲಾರ್ಡ್ ಸಾಹೇಬನ ಹೆಸರೆತ್ತಲಿಲ್ಲ. ಉಪ್ಪಿಟ್ಟು ಹೇಗಿದೆ ಎಂದರೆ "ಛಲೋ ಐತಿ" ಎಂದರು. ಆಂಟಿ ಗಾಬರಿಯಾಗಿ ಅವರ ಬಿಪಿ ನೋಡಿದರು.

ಚುನಾವಣೆಯ ಬೆಳಗ್ಗೆ ಅಂಕಲ್ ಗರಿಗರಿ ಧೋತ್ರ ಉಟ್ಟು ಕೆಳಗಿಳಿದು ಬಂದರು.

"ಇಲ್ಲಿ ನಿಮ್ಮ ಪಾಲಿಗಿರೂದು ಅದೊಂದ ಕುರ್ಚಿ. ಅದನ್ನೂ ಒದ್ದ ಬರತೀರೇನು?" ಎಂದರು ಆಂಟಿ.

"ಬರತೀಯೋ ಇಲ್ಲೋ, ಅಷ್ಟ ಹೇಳು."

"ಬರದ ಏನ್ ಮಾಡ್ಲಿ? ಕಾರ್ ಯಾರು ಹೊಡೀಬೇಕು, ನಿಮ್ಮ ಲಾರ್ಡ್ ಸಾಹೇಬನ?"

ಬಾಡಿಗೆಗೆ ಹಿಡಿದ ಶಾಲೆಯ ಊಟದ ಕೋಣೆಯಲ್ಲಿ ಅಂಕಲ್ ಎದ್ದು ನಿಂತು ಮೈಕು ಕೇಳಿದರು. "ಇವತ್ತ ಕ್ಲಾಸ್ ಮುಚ್ಚಿದ್ರ ನಾಳೆ ನಿಮ್ಮ ನಟನ ಮಾತು ತಿಳೀಲಿಕ್ಕೆ ಯಾರ್ ಇರ್ತಾರ್ರೀ? ನಾ ವಸುಧಾನ ಕಡಿಯಾಂವ."

"ಹಿರಿಯರು ಸ್ವಲ್ಪ ಎಮೋಷನಲ್ ಆಗಿದಾರೆ. ಯಾರಾದ್ರೂ ನೀರು ಕೊಡಿ," ಎಂದರು ಅಧ್ಯಕ್ಷರು.

ಮತ ಹಾಕುವುದು ಕೈ ಎತ್ತಿ. ನಮ್ಮವರ ಪ್ರತಿಭೆ ಅಲ್ಲಿ ಬೆಳಗಿತು. ವಸುಧಾಗೆ ಮಾತು ಕೊಟ್ಟಿದ್ದ ಮನೆಗಳೆಲ್ಲ ಮಾತು ಉಳಿಸಿಕೊಂಡವು, ಅರ್ಧದಷ್ಟು. ಗಂಡ ಮಗುವಿನ ತರಗತಿಗಾಗಿ ವಸುಧಾ ಕಡೆಗೆ, ಹೆಂಡತಿ ತನ್ನ ಕೋಲಾಟಕ್ಕೆ ವೇದಿಕೆ ತಪ್ಪದಿರಲೆಂದು ಅಧ್ಯಕ್ಷರ ಕಡೆಗೆ. ಕೆಲವು ಮನೆಗಳಲ್ಲಿ ಅದಲುಬದಲು. ಪ್ರತಿ ಮನೆಯ ಒಂದು ಮತ ಇನ್ನೊಂದನ್ನು ನುಂಗಿಹಾಕಿತು. ಸ್ಕಾಟ್ಲೆಂಡಿನ ಜಮೀನುದಾರರು ಇದಕ್ಕೆ ಇಬ್ಬರು ಗಂಡುಮಕ್ಕಳನ್ನು ಬೆಳೆಸಬೇಕಾಗುತ್ತಿತ್ತು. ನಾವು ಒಂದೇ ಕಾರಿನಲ್ಲಿ ಬಂದು ಮುಗಿಸಿದೆವು. ಒಂದೇ ಒಂದು ಮನೆ ಬಿಟ್ಟರೆ, ಗಂಡಹೆಂಡಿರಿಬ್ಬರೂ ಒಂದೇ ಕಡೆ ಇದ್ದದ್ದು ಅಧ್ಯಕ್ಷರ ಖಾಸಾ ಮನೆಗಳಲ್ಲಿ. ಅವರು ಗೆಲ್ಲಲು ಅಷ್ಟು ಸಾಕಾಯಿತು.

ಅಂಕಲ್ ಕೈ ಎತ್ತಿದಾಗ, ದೇಸಾಯಿ ಮನೆಯ ಇನ್ನರ್ಧ ತಮ್ಮದೆಂಬ ಭರವಸೆಯಲ್ಲಿ ಅಧ್ಯಕ್ಷರು ಆಂಟಿಯತ್ತ ನೋಡಿ ಮುಗುಳ್ನಕ್ಕರು. ಆಂಟಿಯ ಕೈ ಬಳೆಗಳ ಸದ್ದಿನೊಡನೆ ವಸುಧಾಗಾಗಿ ಮೇಲೆ ಹೋಯಿತು. ನನ್ನದೂ ಹೋಗಿತ್ತು, ಕಿವಿಯ ಎತ್ತರಕ್ಕೆ.

"ನನ್ನ ಮಾತಿಗೆ ಕೈ ಎತ್ತಿದಿ," ಎಂದರು ಅಂಕಲ್ ಕಾರಿನಲ್ಲಿ, ಮೆತ್ತಗೆ.

"ನಿಮ್ಮ ಮಾತಿಗೆ ಯಾರ್ ಎತ್ತ್ಯಾರ? ಆ ಮನಷ್ಯಾ ನನ್ನ ನೋಡಿ ನಕ್ಕ. ಅದಕ್ಕ ಎತ್ತಿದೆ."

ಆ ನವೆಂಬರಿನಲ್ಲಿ ವೇದಿಕೆಯ ಕುರ್ಚಿ, ಊಟದ ಖರ್ಚು ಹೊತ್ತ ಒಬ್ಬ ಮನೆ ಮಾರಾಟದ ಏಜೆಂಟರಿಗೆ ಹೋಯಿತು. ಅಂಕಲ್ ಮನೆಯಲ್ಲೇ ಕುಳಿತು ಕಾರ್ಯಕ್ರಮದ ಲೈವ್ ನೋಡಿದರು, ಧ್ವನಿ ಪೂರ್ತಿ ಬಂದ್ ಮಾಡಿ. ಕೊನೆಯವರೆಗೂ ನೋಡಿದರು.

ಸೋತ ಸೈನ್ಯ ನನ್ನ ಬೇಸ್‌ಮೆಂಟಿನಲ್ಲಿ ಬೀಡುಬಿಟ್ಟಿತು. ನನ್ನನ್ನು ಕೇಳಲಿಲ್ಲ, ತಿಳಿಸಲಾಯಿತು. ಭಾನುವಾರ ಬೆಳಗ್ಗೆ ವಸುಧಾ ನನ್ನ ಊಟದ ಮೇಜಿನ ಸುತ್ತ ಕಾಗುಣಿತ ಹೇಳಿಸುತ್ತಿದ್ದಳು, ಮಕ್ಕಳು ನನ್ನ ಸೋಫಾಕ್ಕೆ ಜ್ಯೂಸ್ ಕುಡಿಸುತ್ತಿದ್ದವು. ಅಂಕಲ್ ಮೆಟ್ಟಿಲ ಮೇಲೆ ಕುಳಿತು ಕಥೆ ಹೇಳುತ್ತಿದ್ದರು.

"ಅಜ್ಜ, ಈಸ್ ದಿ ಲಾರ್ಡ್ ಡೆಡ್?"

"ಕನ್ನಡದಾಗ ಕೇಳು, ಹೇಳತೀನಿ."

ಮಗು ಕಷ್ಟಪಟ್ಟು ಕೇಳಿತು: "ಲಾರ್ಡ್ ಸತ್ತು ಹೋಯ್ತಾ?"

"ಇನ್ನೂ ಇಲ್ಲ," ಎಂದು ಅಂಕಲ್ ಮುಂದಿನ ಭಾನುವಾರದವರೆಗೆ ಅವನನ್ನು ಬದುಕಿಸಿಟ್ಟರು.

ಮುಂದೆ ದೇಸಾಯಿ ದಂಪತಿ ಮನೆ ಮಾರಿ ಶಾರ್ಲೆಟ್ ನಗರದ ಹತ್ತಿರ ಮಗಳ ಊರಿಗೆ ಹೋದರು, ತರಗತಿ ನನ್ನ ಜೊತೆ ಹೊಸ ಬಾಡಿಗೆ ಮನೆಗೆ ಬಂತು. ಆಮೇಲೆ ವಸುಧಾಳನ್ನು ಕೆಲಸ ಬೇರೆ ರಾಜ್ಯಕ್ಕೆ ಎಳೆದೊಯ್ದಿತು. ತರಗತಿ ನಿಂತಿತು. ಅದನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ, ವಸಂತದ ಒಂದು ಶನಿವಾರ ಕಾರಿನಲ್ಲಿ ಅಂಕಲ್ ಇದ್ದಲ್ಲಿಗೆ ಹೋದೆ. ಆ ವರ್ಷ ಎಲೆ ಉದುರುವ ಮೊದಲೇ ಅಂಕಲ್ ತೀರಿಕೊಂಡರು. ಹಾಗಾಗಿ ಅದೇ ಕೊನೆಯ ಭೇಟಿ.

"ಎಷ್ಟ ದಿನ ನಡೀತು?" ಎಂದರು, ಸುದ್ದಿ ಕೇಳಿ.

"ಎರಡು ಚಳಿಗಾಲ, ಅಂಕಲ್."

ಅವರ ಮುಖ ಅರಳಿತು. "ಲಾರ್ಡ್ ಸಾಹೇಬಂದು ಒಂಬತ್ತ ತಿಂಗಳಿಗೇ ಮುಗದಿತ್ತು!"

"ಇಲ್ಲೀ ಸಂಘದವರೂ ಮೊನ್ನೆ ಬಂದಿದ್ರು," ಎಂದರು ಆಂಟಿ ಅಡುಗೆಮನೆಯಿಂದ. "ಹಿರಿಯ ಸಲಹೆಗಾರರು ಆಗ್ರಿ, ಸ್ಟೇಜಿನ ಮ್ಯಾಲ ಕುರ್ಚಿ ಕೊಡತೀವಿ ಅಂದ್ರು. ಇವರು ಹೂಂ ಅಂದು ಕುಂತಾರ."

"ಇಷ್ಟೆಲ್ಲ ಆದ ಮೇಲೂ ಒಪ್ಪಿಕೊಂಡ್ರಾ ಅಂಕಲ್?"

"ಮತ್ತ?" ಎಂದರು ಅವರು, ನನಗೆ ಇಷ್ಟೂ ತಿಳಿಯಲಿಲ್ಲವೇ ಎಂಬಂತೆ. "ಮೊದಲ ಕುರ್ಚಿ ಇದ್ರಲ್ಲ ತಂಗಿ, ಅದನ್ನ ಬಿಟ್ಟ ಎದ್ದ ಬರಾಕ ಆಗೂದು."