ಲಾಷ್ಖೇರಿ ಕಣಿವೆಗೆ ಚಳಿಗಾಲದ ಮುನ್ನೋಟ ಹೇಳಿದ ಎತೇರಿ ಪಾಲಿಯಾನಿ

ಕಾಕಸಸ್ ಪರ್ವತಗಳ ಹವಾಮಾನವನ್ನು ಬಲ್ಲವರು ಜಾರ್ಜಿಯಾದಲ್ಲಿ ಅನೇಕರಿದ್ದಾರೆ. ಆದರೆ ಬಲ್ಲದ್ದನ್ನು ಊರಿಗೆ ಅರ್ಥವಾಗುವಂತೆ ಹೇಳಿ, ಹೇಳಿದ ಮಾತಿಗೆ ಊರಿನ ಎದುರೇ ನಿಂತು ಉತ್ತರ ಕೊಟ್ಟವರು ವಿರಳ. ಅಂಥವರಲ್ಲಿ ಅಗ್ರಗಣ್ಯರಾದ ಶ್ರೀಮತಿ ಎತೇರಿ ಪಾಲಿಯಾನಿ ಅವರು ಲಾಷ್ಖೇರಿ ವಿಮಾನ ನಿಲ್ದಾಣದ ಹವಾಮಾನ ಕಚೇರಿಯ ಮುಖ್ಯಸ್ಥೆಯಾಗಿ ದೀರ್ಘ ಸೇವೆ ಸಲ್ಲಿಸಿ ಕಳೆದ ಮಾರ್ಚ್‌ನಲ್ಲಿ ನಿವೃತ್ತರಾದರು.

ರಾಜಧಾನಿ ತಬಿಲಿಸಿಯಲ್ಲಿ ಓದು ಮುಗಿಸಿ ಎತೇರಿಯವರು ಕಣಿವೆಗೆ ಮರಳಿದಾಗ ಆ ಕಚೇರಿಯಲ್ಲಿದ್ದದ್ದು ಒಂದು ಮೇಜು, ಒಂದು ರೇಡಿಯೋ, ಹೊಗೆಯುಗುಳುವ ಒಂದು ಕಟ್ಟಿಗೆ ಒಲೆ. ಹಿಮ ಬಿದ್ದು ರಸ್ತೆ ಮುಚ್ಚಿತೆಂದರೆ ಹದಿನೆಂಟು ಆಸನಗಳ ವಿಮಾನವೊಂದೇ ಹೊರಜಗತ್ತಿಗೆ ದಾರಿ. ಅದು ಯಾವಾಗ ಹಾರಬಹುದೆಂದು ಜನ ಮೊದಲೇ ತಿಳಿದಿದ್ದರೆ ಹಿಟ್ಟು, ಔಷಧಿಗಳನ್ನು ಸಕಾಲದಲ್ಲಿ ತರಿಸಿಕೊಂಡಾರೆಂದು ಯೋಚಿಸಿ, ಪ್ರತಿ ನವೆಂಬರಿನಲ್ಲಿ ಊರಿನ ಸಭಾಂಗಣದಲ್ಲಿ ಚಳಿಗಾಲದ ಮುನ್ನೋಟ ಹೇಳುವ ಪದ್ಧತಿಯನ್ನು ಅವರು ಆರಂಭಿಸಿದರು.

ಮೊದಲ ವರ್ಷವೇ ಅತಿಥಿಗೃಹ ನಡೆಸುವ ದರಿಕೊ ಎದ್ದು ನಿಂತರು. "ಹಿಮ ಜಾಸ್ತಿ ಬೀಳುತ್ತೋ ಇಲ್ವೋ, ಒಂದೇ ಮಾತು ಹೇಳಮ್ಮ. ನನಗೆ ಹಾಸಿಗೆ ಬಿಸಿಲಿಗೆ ಹಾಕೋದಿದೆ."

"ಖಂಡಿತ ಅನ್ನೋ ಮಾತು ಬೇಕಿದ್ರೆ ಪಾದ್ರಿ ಹತ್ರ ಹೋಗಿ ದರಿಕೊ ಅಕ್ಕ," ಎಂದರು ಎತೇರಿ. "ನನ್ನ ಹತ್ರ ಇರೋದು ಬರೀ ಸಾಧ್ಯತೆ, ಹತ್ತರಲ್ಲಿ ಏಳು ಪಾಲು."

ಸಭೆ ನಕ್ಕಿತು. ಕೊನೆಯ ಸಾಲಿನಲ್ಲಿದ್ದ ಪಾದ್ರಿಯೂ ನಕ್ಕರು. ದರಿಕೊ ಮಾತ್ರ ನಗಲಿಲ್ಲ; ಇಂಥವಳಿಗೆ ಸರ್ಕಾರ ಸಂಬಳ ಯಾಕೆ ಕೊಡುತ್ತದೆಂದು ವರ್ಷಗಟ್ಟಲೆ ಕೇಳುತ್ತಿದ್ದರು.

ಮುಂದೊಂದು ಫೆಬ್ರವರಿಯಲ್ಲಿ ಹಿಮಕುಸಿತದಿಂದ ರಸ್ತೆ ಮುಚ್ಚಿತ್ತು. ದರಿಕೊ ಅವರ ಸೊಸೆ ನಾತೆಲಾಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಕಾಣಿಸಿಕೊಂಡಿತು. ಜಾರುಬಂಡಿಯಲ್ಲಿ ಅವಳನ್ನು ನಿಲ್ದಾಣಕ್ಕೆ ಕರೆತಂದಾಗ ತಲೆಯ ಮೇಲೆ ಒಂದು ಮೋಡವೂ ಇರಲಿಲ್ಲ. ಪೈಲಟ್ ಬೆಸಿಕ್ ಎಂಜಿನ್ ಬಿಸಿ ಮಾಡುತ್ತಿದ್ದ. ಎತೇರಿಯವರು ಮಾತ್ರ ವಿಮಾನ ಹಾದುಹೋಗಬೇಕಾದ ದಕ್ಷಿಣದ ಬೆಟ್ಟದ ಕಂಡಿಯನ್ನೇ ನೋಡುತ್ತಿದ್ದರು. ಅಲ್ಲಿ ಗಾಳಿ ಹಿಮವನ್ನು ಎತ್ತಿ ಎಸೆಯುತ್ತಿತ್ತು. ವಿಮಾನ ಅಲ್ಲಿಗೆ ತಲುಪುವಷ್ಟರಲ್ಲಿ ಮೋಡ ಇಳಿಯುತ್ತದೆಂದು ಅವರ ಲೆಕ್ಕ.

"ಬೇಡ ಬೆಸಿಕ್. ಕಂಡಿ ಮುಚ್ಚುತ್ತೆ."

"ಆಕಾಶ ನೋಡೇ, ತೊಳೆದ ತಟ್ಟೆ ಹಾಗಿದೆ," ಎಂದು ದರಿಕೊ ಗದರಿದರು. "ನನ್ನ ಸೊಸೆಗೆ ಏನಾದ್ರೂ ಆದ್ರೆ ನಿನ್ನನ್ನ ಬಿಡಲ್ಲ."

ಎತೇರಿಯವರ ಮಾತು ಬದಲಾಗಲಿಲ್ಲ. ಬೆಸಿಕ್ ಎಂಜಿನ್ ಆರಿಸಿದ. ಇಡೀ ನಿಲ್ದಾಣದಲ್ಲಿ ಬೆಚ್ಚಗಿದ್ದ ಕೋಣೆಯೆಂದರೆ ಹವಾಮಾನ ಕಚೇರಿ. ನಕಾಶೆಗಳನ್ನು ಸರಿಸಿ ಅದೇ ಮೇಜಿನ ಮೇಲೆ ಊರಿನ ನರ್ಸ್ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ತಾಯಿ ಇಬ್ಬರೂ ಕ್ಷೇಮ.

ಆದರೆ ಕಂಡಿ ಮುಚ್ಚಲೇ ಇಲ್ಲ. ಸಂಜೆಯವರೆಗೂ ಬಿಸಿಲು ಅಲ್ಲೇ ಕುಳಿತಿತ್ತು. ಎತೇರಿಯವರು ದರಿಕೊ ಎದುರು ಬಂದು ನಿಂತರು. "ಅಕ್ಕ, ನಾನು ತಪ್ಪಿದೆ. ವಿಮಾನ ಹೋಗಬಹುದಿತ್ತು."

ದರಿಕೊ ಉತ್ತರಿಸುವ ಮೊದಲೇ ಬೆಸಿಕ್ ಹೇಳಿದ: "ಇವರು ಬೇಡ ಅಂದು ತಪ್ಪಿದ್ರೆ ನಾನು ಇಲ್ಲಿ ಕೂತು ಚಹಾ ಕುಡೀತೀನಿ. ಹೋಗು ಅಂದು ತಪ್ಪಿದ್ರೆ ನೀವೆಲ್ಲ ಸತ್ತ ನನ್ನ ಹೆಸರಲ್ಲಿ ವೈನ್ ಕುಡೀತೀರ."

ಮರುದಿನ ದರಿಕೊ ಮನೆಯಿಂದ ಕಚೇರಿಗೆ ಬಿಸಿ ಮಾಂಸದ ರೊಟ್ಟಿಯ ಬುಟ್ಟಿ ಬಂತು. ನಾತೆಲಾ ಮಗುವಿಗೆ ಎತೇರಿ ಎಂದು ಹೆಸರಿಡಬೇಕೆಂದಾಗ ಮಾತ್ರ ಅತ್ತೆ ಒಪ್ಪಲಿಲ್ಲ: "ಬೇಡಮ್ಮ. ಇದೂ ಜೀವನಪೂರ್ತಿ ಹೋಗಬೇಡ ಹೋಗಬೇಡ ಅಂತ ಕೂತ್ಕೊಳ್ಳುತ್ತೆ." ಮಗು ಲೇಲಾ ಆಯಿತು. ಮುಂದಿನ ನವೆಂಬರಿನಲ್ಲಿ ದರಿಕೊ ಮೊದಲ ಸಾಲಿನಲ್ಲಿ ಕುಳಿತು, "ಈ ಸಲ ಹತ್ತರಲ್ಲಿ ಎಷ್ಟು?" ಎಂದು ತಾವೇ ಕೇಳಿದರು.

ನಿವೃತ್ತಿಯ ಸನ್ಮಾನವನ್ನು ರಾಜಧಾನಿಯಲ್ಲಿ ಏರ್ಪಡಿಸಲಾಗಿತ್ತು. ಹೊರಡುವ ಬೆಳಿಗ್ಗೆ ಎತೇರಿಯವರು ಹೊಸ ಕೋಟು ಧರಿಸಿ ವಿಮಾನದಲ್ಲಿ ಕುಳಿತಿದ್ದಾಗ, ಅವರ ಸ್ಥಾನಕ್ಕೆ ಬಂದ ಮಾಕಾ ಎಂಬ ತರುಣಿ ಓಡಿ ಬಂದಳು.

"ಕ್ಷಮಿಸಿ ಮೇಡಂ," ಎಂದಳು, ಮುಖ ಕೆಂಪಾಗಿ. "ಇವತ್ತು ಬೇಡ ಅನ್ಸುತ್ತೆ."

ಎತೇರಿಯವರು ಕಿಟಕಿಯಿಂದ ಕಂಡಿಯ ಕಡೆ ನೋಡಿದರು. ಅವರ ಕಣ್ಣಿಗೆ ಹೋಗಬಹುದೆಂದೇ ಕಂಡಿತು. ಬೆಸಿಕ್ ಸಹಿತ ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

"ಅನ್ಸುತ್ತೆ ಅನ್ನಬೇಡ ಮಗಳೇ. ಬೇಡ ಅನ್ನು," ಎಂದರು.

"ಬೇಡ," ಎಂದಳು ಮಾಕಾ.

ಎತೇರಿಯವರು ಬೆಲ್ಟ್ ಬಿಚ್ಚಿ ತಮ್ಮ ಪೆಟ್ಟಿಗೆಯೊಂದಿಗೆ ಕೆಳಗಿಳಿದರು. ಹಾಗಾಗಿ ಸನ್ಮಾನ ಹಿಮ ಕರಗಿದ ಮೇಲೆ ನಮ್ಮ ಸಭಾಂಗಣದಲ್ಲೇ ನಡೆಯುತ್ತಿದೆ, ರಾಜಧಾನಿಯ ಗಣ್ಯರೇ ಇಲ್ಲಿಗೆ ಬರುತ್ತಿದ್ದಾರೆ. ಅಂದು ಕಂಡಿ ಮುಚ್ಚಿತೋ ಇಲ್ಲವೋ ಎಂದು ಎತೇರಿಯವರು ಈವರೆಗೂ ವಿಚಾರಿಸಿಲ್ಲ. ಅವರಿಗೆ ದೀರ್ಘಾಯುಷ್ಯ, ಆರೋಗ್ಯಗಳು ಲಭಿಸಲಿ. ಶಾಲೆಯ ಮಕ್ಕಳಿಗೆ ಹಿಮಕುಸಿತದ ಪಾಠ ಹೇಳಲು ಅವರು ಕೈಗೊಂಡ ಹೊಸ ಕೆಲಸ ಬಹುಕಾಲ ಸಾಗಲಿ. ಪ್ರತಿ ನವೆಂಬರಿನಲ್ಲಿ ದರಿಕೊ ಅವರ ಪಕ್ಕ ಕುಳಿತು ಮಾಕಾಳ ಮುನ್ನೋಟವನ್ನು ಅವರು ನೆಮ್ಮದಿಯಿಂದ ಕೇಳುವಂತಾಗಲಿ.